ಸಣ್ಮನೆಯ ಬಾಗಿಲು

ಕೋಟೇಶ್ವರದ ಆ ಓಣಿಯಲ್ಲಿ ಎಲ್ಲಕ್ಕಿಂತ ದೊಡ್ಡ ಮನೆಗೆ ಸಣ್ಮನೆ ಎಂದು ಹೆಸರು. ಹಿಂದೆ ಅಣ್ಣತಮ್ಮಂದಿರು ಪಾಲಾದಾಗ ಅಣ್ಣನಿಗೆ ದೊಡ್ಡ ಮನೆ ಹೋಯಿತು, ತಮ್ಮ ಎದುರಿಗೊಂದು ಸಣ್ಣ ಬಿಡಾರ ಕಟ್ಟಿಕೊಂಡ. ಆಮೇಲೆ ತಮ್ಮನ ಕೈ ಹತ್ತಿ ಬಿಡಾರ ಹೋಗಿ ಮಹಡಿ ಎದ್ದಿತು, ಅಣ್ಣನ ಕಡೆ ಬಾವಿಕಟ್ಟೆ ಮಾತ್ರ ಉಳಿಯಿತು. ಹೆಸರು ಹಟಮಾರಿ, ಅದು ಜಪ್ಪಯ್ಯ ಎಂದರೂ ಬದಲಾಗಲಿಲ್ಲ. ಆ ಮನೆಯಲ್ಲಿ ಹುಟ್ಟಿದವರು ಎಲ್ಲಿಗೆ ಹೋದರೂ ಸಣ್ಮನೆಯವರೇ. ಸುಗುಣಾ ಮದುವೆಯಾಗಿ ಚೆನ್ನೈಗೆ ಬಂದಳು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೆ ಅವನ ಬದಲಿಗೆ ಸಿಕ್ಕ ಕೆಲಸಕ್ಕೆ ಸೇರಿದಳು, ಪಲ್ಲಾವರಂ ಸ್ಟೇಷನ್ನಿನ ಟಿಕೆಟ್ ಕೌಂಟರಿನಲ್ಲಿ ಕೂತು ಮಗಳನ್ನು ಓದಿಸಿದಳು. ಇಷ್ಟೆಲ್ಲ ಆದರೂ ಊರಿನವರ ಬಾಯಲ್ಲಿ ಆಕೆ ಸಣ್ಮನೆ ಸುಗುಣಾ.

ಇದನ್ನು ಮೊದಲೇ ಹೇಳುವುದಕ್ಕೆ ಕಾರಣವಿದೆ. ಸಣ್ಣ ಮನೆ ಎಂಬುದನ್ನು ತಮಿಳಿಗೆ ತಿರುಗಿಸಿದರೆ 'ಚಿನ್ನ ವೀಡು'. ಚೆನ್ನೈಯಲ್ಲಿ ಆ ಮಾತು ಮನೆಯ ಅಳತೆಯನ್ನು ಹೇಳುವುದಿಲ್ಲ. ಗಂಡಸು ಕಟ್ಟಿಕೊಂಡವಳನ್ನು ಬಿಟ್ಟು ಬೇರೆ ಕಡೆ ಇಟ್ಟುಕೊಂಡವಳಿಗೆ ಹಾಗೆನ್ನುತ್ತಾರೆ, ಹೇಳುವಾಗ ಕಣ್ಣು ಮಿಟುಕಿಸುತ್ತಾರೆ. ಇಲ್ಲಿನ ಕನ್ನಡಿಗರಿಗೆ ಇದು ಗೊತ್ತಿಲ್ಲದ್ದೇನಲ್ಲ. ಆದರೆ ಊರಿನ ಮನೆಯ ಹೆಸರು ಊರಿನದು, ತಮಿಳಿನ ಕುಹಕ ತಮಿಳಿನದು. ಎರಡನ್ನೂ ಒಂದೇ ತಟ್ಟೆಯಲ್ಲಿ ಯಾರೂ ಕಲಸಿರಲಿಲ್ಲ. ಕಲಸಿದವನು ಮನೀಶ.

ಮನೀಶ ಎಂದರೆ ಅದೇ ಕೋಟೇಶ್ವರದಿಂದ ಬಂದು ಇಲ್ಲಿನ ತಾಂಬರಂನಲ್ಲಿ ಸಸ್ಯಾಹಾರಿ ಹೋಟೆಲು ನಡೆಸುವ ಸುಬ್ರಾಯರ ತಮ್ಮನ ಮಗ. ಹುಟ್ಟಿದ್ದು, ಓದಿದ್ದು ಎಲ್ಲ ಇಲ್ಲೇ. ಕನ್ನಡ ಅವನ ಕಿವಿಗೆ ಇಳಿಯುತ್ತದೆ, ನಾಲಿಗೆಗೆ ಏರುವುದಿಲ್ಲ. ಹೋಟೆಲು ಹೋಟೆಲು ತಿರುಗಿ ದೋಸೆ, ವಡೆ, ಕಾಫಿಗಳ ರೀಲ್ಸ್ ಮಾಡಿ ಹಾಕುವುದು ಅವನ ಕಸುಬು. ನೋಡುವ ಜನ ಸಾಕಷ್ಟಿದ್ದರು, ಆದರೆ ಅವನಿಗೆ ಸಾಕು ಎನಿಸುವಷ್ಟಿರಲಿಲ್ಲ.

ಒಂದು ದಿನ ಅವನು ದೊಡ್ಡಪ್ಪನ ಹೋಟೆಲಿನಲ್ಲಿ ದೋಸೆ ತಿನ್ನುತ್ತಿದ್ದಾಗ ಗಲ್ಲೆಯ ಮೇಲಿದ್ದ ಸುಬ್ರಾಯರ ಫೋನು ರಿಂಗಾಯಿತು. ಸುಬ್ರಾಯರು ಒಳಗೆ ಚಟ್ನಿಯ ಉಪ್ಪು ನೋಡುತ್ತಿದ್ದರು. ಹೋಟೆಲಿನ ಹಳೆಯ ಮೇಲ್ವಿಚಾರಕ ಮೋನಪ್ಪ ಫೋನಿನಲ್ಲಿ ಮೂಡಿದ ಹೆಸರು ನೋಡಿ, ಧಣಿಗಳೇ ಸಣ್ಮನೆಯಿಂದ ಫೋನು ಎಂದು ಅಡುಗೆಮನೆಗೆ ಕೇಳುವ ಹಾಗೆ ಕೂಗಿದ. ಸುಬ್ರಾಯರು ಕೈ ಒರೆಸಿಕೊಂಡು ಓಡಿಬಂದರು. ಮುಖದಲ್ಲಿ ಸಣ್ಣ ಸಂತೋಷವೂ ಇತ್ತು. ಒಬ್ಬರೂ ನಗಲಿಲ್ಲ. ಅದೇ ಮನೀಶನಿಗೆ ಆಶ್ಚರ್ಯವಾದದ್ದು: ಇಡೀ ಹೋಟೆಲಿಗೆ ಗೊತ್ತಿದ್ದೂ ಇಷ್ಟು ರಾಜಾರೋಷವಾಗಿ ನಡೆಯುತ್ತಿದೆಯಲ್ಲ! ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವವರನ್ನು ನಾವು ಕಂಡಿದ್ದೇವೆ. ಇವನು ಕಟ್ಟಿದ ಮೇಲೆ ಕರುವಿನ ವಿಡಿಯೋ ಕೂಡ ಮಾಡಿ ಹಾಕುವ ಗಿರಾಕಿ.

ಭಾನುವಾರ ಸುಬ್ರಾಯರು ಎಲೆಕ್ಟ್ರಿಕ್ ರೈಲು ಹತ್ತಿದರು. ಇವನೂ ಪಕ್ಕದ ಬೋಗಿಗೆ ಹತ್ತಿದ. ಪಲ್ಲಾವರಂನಲ್ಲಿ ಇಳಿದು ಅವರು ಒಂದು ಹಳೆಯ ಫ್ಲ್ಯಾಟಿನ ಗೇಟು ದಾಟಿ ನೆಲಮಹಡಿಯ ಬಾಗಿಲ ಗಂಟೆ ಒತ್ತಿದರು. ಎದುರಿನ ಟೀ ಅಂಗಡಿಯ ಮರೆಯಲ್ಲಿ ನಿಂತು ಮನೀಶ ಎಲ್ಲವನ್ನೂ ಫೋನಿಗೆ ತುಂಬಿಕೊಂಡ. ಬಾಗಿಲು ತೆರೆಯಿತು. ನೈಟಿ ಹಾಕಿಕೊಂಡ ಹೆಂಗಸೊಬ್ಬಳು ನಕ್ಕಳು, ಹೋಟೆಲಿನ ಹೆಸರಿದ್ದ ಚೀಲವನ್ನು ಇಸಿದುಕೊಂಡಳು, ಅವರ ಭುಜಕ್ಕೆ ಅಂಟಿದ್ದ ಏನನ್ನೋ ಕೊಡವಿದಳು. ಬಾಗಿಲು ಮುಚ್ಚಿತು. ಅಷ್ಟೇ ವಿಡಿಯೋ. ಅದಕ್ಕೊಂದು ಹಳೆಯ ತುಂಟ ಹಾಡಿನ ದನಿ ಸೇರಿಸಿ, 'ತಾಂಬರಂ ಹೋಟೆಲ್ ಧಣಿಯ ಚಿನ್ನ ವೀಡು, ಸಂಡೇ ಸ್ಪೆಷಲ್ ಪಾರ್ಸೆಲ್' ಎಂದು ತಮಿಳಿನಲ್ಲಿ ಬರೆದು ಹಾಕಿಬಿಟ್ಟ. ದೊಡ್ಡಪ್ಪ ಎಂಬ ಮರ್ಯಾದೆಗೆ ಸುಬ್ರಾಯರ ಮುಖಕ್ಕೆ ಮಸುಕು ಹಾಕಿದ್ದ. ಸುಗುಣಾಳ ಮುಖಕ್ಕೆ ಹಾಕಿರಲಿಲ್ಲ.

ಸುಗುಣಾಳಿಗೆ ಇದು ತಿಳಿದದ್ದು ಕೌಂಟರಿನಲ್ಲಿ. ಕಚೇರಿಗೆ ಹೋಗುವ ಜನ ಸಾಲುಗಟ್ಟಿ ನಿಂತಿದ್ದ ಹೊತ್ತು. ಇಸ್ತ್ರಿ ಮಾಡಿದ ಅಂಗಿಯ ಒಬ್ಬ ಯುವಕ ಗಾಜಿನ ಕಿಂಡಿಗೆ ಬಾಯಿಟ್ಟು, ಚಿನ್ನ ವೀಡಿಗೆ ಒಂದು ರಿಟರ್ನ್ ಕೊಡಿ ಎಂದ. ಅವನ ಹಿಂದಿನವರು ಕಿಸಕ್ಕೆಂದರು. ಒಬ್ಬ ಫೋನು ಎತ್ತಿ ಹಿಡಿದ. ತನಗೇಕೆ ಹಾಗೆಂದನೆಂದು ಅವಳಿಗೆ ಅರ್ಥವಾಗಲಿಲ್ಲ. ಅಂಥ ಸ್ಟೇಷನ್ ಇಲ್ಲ, ಎಲ್ಲಿಗೆ ಹೋಗಬೇಕು ಸರಿಯಾಗಿ ಹೇಳಿ ಎಂದು ತಮಿಳಿನಲ್ಲಿ ಕೇಳಿ ಮುಂದಿನವನನ್ನು ಕರೆದಳು. ಪಕ್ಕದ ಕೌಂಟರಿನ ಸಹೋದ್ಯೋಗಿ ಊಟದ ಬಿಡುವಿನಲ್ಲಿ ಫೋನು ಮುಂದಿಟ್ಟಳು. ಸುಗುಣಾ ನೋಡಿದಳು, ಇನ್ನೊಮ್ಮೆ ನೋಡಿದಳು. ಮೈಯೆಲ್ಲ ಉರಿಯಿತು. ಕೆಳಗೆ ಜನ ಬರೆದಿದ್ದನ್ನು ಓದಿದಾಗ ಉರಿಯ ಮೇಲೆ ಖಾರ ಬಿದ್ದಂತಾಯಿತು. ನೈಟಿಯ ಬಣ್ಣದ ಬಗ್ಗೆ, ಅವಳ ವಯಸ್ಸಿನ ಬಗ್ಗೆ, ಚೀಲದೊಳಗಿನದರ ಬಗ್ಗೆ, ಯಾರಿಗೆ ಏನು ಬಾಯಿಗೆ ಬಂತೋ ಅದು. ಸ್ವಂತ ಅಮ್ಮ ನೈಟಿಯನ್ನೇ ಹಾಕದವರ ಹಾಗೆ ಬರೆದಿದ್ದರು.

ಸ್ಟೇಷನ್ ಮ್ಯಾನೇಜರು ಒಳ್ಳೆಯ ಮನುಷ್ಯ. ಬೇಕಿದ್ದರೆ ಒಂದು ವಾರ ರಜೆ ಹಾಕಿ ಮನೆಯಲ್ಲಿರಿ, ಗದ್ದಲ ತಣಿಯುತ್ತದೆ ಎಂದರು. ಗದ್ದಲ ಮಾಡಿದವನು ರಜೆ ಹಾಕಲಿ ಸರ್ ಎಂದು ಹೇಳಿ ಸುಗುಣಾ ಮತ್ತೆ ಕುರ್ಚಿಗೆ ಬಂದು ಕೂತಳು. ಆ ದಿನ ಕಿಂಡಿಯೊಳಗೆ ಇಣುಕಿದವರಿಗೆಲ್ಲ ಅವಳ ಮುಖ ನೆಟ್ಟಗೆ ಕಂಡಿತು.

ಸುಬ್ರಾಯರ ಹೆಂಡತಿ ತೀರಿಕೊಂಡು ಎಷ್ಟೋ ವರ್ಷವಾಗಿದೆ. ದೊಡ್ಡ ಮನೆಯೇ ಇಲ್ಲದವರಿಗೆ ಚಿಕ್ಕ ಮನೆ ಎಲ್ಲಿಂದ ಬರಬೇಕು? ಅದು ಮನೀಶನಿಗೆ ಹೊಳೆಯಲಿಲ್ಲ. ಇನ್ನು ಆ ಬಾಗಿಲು ಮುಚ್ಚಿದ ಮೇಲೆ ಒಳಗೆ ಏನು ನಡೆಯುತ್ತಿತ್ತು? ಇಬ್ಬರೂ ಕೂತು ಊರಿನ ಸುದ್ದಿ ಮಾತಾಡುತ್ತಿದ್ದರೋ, ಕಾಫಿ ಕುಡಿಯುತ್ತಿದ್ದರೋ, ಅದಕ್ಕಿಂತ ಹೆಚ್ಚೋ? ನಿಮಗೂ ಕುತೂಹಲವಿರಬಹುದು. ಇರಲಿ, ಇಟ್ಟುಕೊಳ್ಳಿ. ನನ್ನಿಂದ ಅದು ಹೊರಗೆ ಬರುವುದಿಲ್ಲ.

ಆ ದಿನ ಸಂಜೆ ಮಗಳು ಅನ್ವಿತಾ ಕಾಲೇಜಿನಿಂದ ಅತ್ತುಕೊಂಡೇ ಬಂದಳು. ಕನ್ನಡ ಅರ್ಥವಾಗುತ್ತಿದ್ದರೂ ಅಮ್ಮನಿಗೆ ತಮಿಳಿನಲ್ಲೋ ಇಂಗ್ಲಿಷಿನಲ್ಲೋ ಉತ್ತರ ಕೊಡುವ ಹುಡುಗಿ ಅವಳು. ಅಳು ತಡೆದುಕೊಂಡು ಅಂದಿನ ಮಟ್ಟಿಗೆ ಕನ್ನಡಕ್ಕೆ ಇಳಿದಳು.

"ಸಿಂಪಲ್ ಅಮ್ಮಾ. ಅದು ನಮ್ಮ ಊರ ಮನೆ ಪೇರು, ಅಷ್ಟೇ ತಾನೇ? ನೀನೊಂದು ವಿಡಿಯೋದಲ್ಲಿ ಹೇಳಿಬಿಡು. ಎಲ್ಲರೂ ಸಿರಿಚ್ಚಿಟ್ಟು, ನಕ್ಕು ಮರೆತುಬಿಡ್ತಾರೆ. ಪ್ರಾಬ್ಲಂ ಓವರ್."

ಸುಗುಣಾ ಅನ್ನಕ್ಕಿಟ್ಟಿದ್ದಳು. ಕುಕ್ಕರ್ ಕೂಗಿದ ಮೇಲೆ ಒಲೆ ಆರಿಸಿದಳು. ಮಗಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಒಂದು ಮಾತು ಸಾಕಿತ್ತು. ಆದರೂ ಆ ಮಾತು ಹೇಳುವುದಕ್ಕೆ ಅವಳಿಗೆ ಮನಸ್ಸಾಗಲಿಲ್ಲ. ಏಕೆಂದು ಅವಳಿಗೇ ಆಗ ಪೂರ್ತಿ ಬಿಡಿಸಿ ಹೇಳಲು ಬರಲಿಲ್ಲ.

"ಕುಂಬಳಕಾಯಿ ಕಳ್ಳ ಅಂದ್ರೆ ನಾನ್ ಎಂತಕ್ ಹೆಗಲ್ ಮುಟ್ಟಿ ಕಾಣ್ಕ್?" ಎಂದಷ್ಟೇ ಅಂದಳು.

ಅನ್ವಿತಾಳಿಗೆ ಗಾದೆ ಅರ್ಥವಾಗಲಿಲ್ಲ. ಬಾಗಿಲು ದಢಾರನೆ ಹಾಕಿಕೊಂಡು ಒಳಗೆ ಹೋದಳು.

ಸುಬ್ರಾಯರು ಫೋನು ಮಾಡಿದರು. ತಮ್ಮಿಂದ ಹೀಗಾಯಿತು, ತಮ್ಮನ ಮಗನಿಗೆ ಬುದ್ಧಿ ಹೇಳುತ್ತೇನೆ, ಸಣ್ಮನೆ ಎಂದರೆ ಏನೆಂದು ಹೋಟೆಲಿನ ಗೋಡೆಗೆ ಬೇಕಿದ್ದರೆ ಬೋರ್ಡು ಹಾಕಿಸುತ್ತೇನೆ, ಗದ್ದಲ ತಣಿಯುವ ತನಕ ಆ ಕಡೆ ಬರುವುದಿಲ್ಲ ಎಂದರು. ಕೊನೆಯ ಮಾತು ಸುಗುಣಾಳಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮುಂದಿನ ಭಾನುವಾರ ಗಂಟೆ ಸದ್ದಾಗಲಿಲ್ಲ. ಅದರ ಮುಂದಿನದೂ ಹಾಗೇ ಹೋಯಿತು. ಬದಲಿಗೆ ಯಾರೋ ಪುಂಡರು ಗೇಟಿನ ಹತ್ತಿರ ನಿಂತು ಸೆಲ್ಫಿ ತೆಗೆದುಕೊಂಡು ಹೋದರು. ಮೇಲಿನ ಮನೆಯಾಕೆ ಮೆಟ್ಟಿಲಲ್ಲಿ ಸಿಕ್ಕಾಗ, ಜನ ಏನೇನೋ ಹೇಳುತ್ತಾರೆ, ನಿಜವಾ ಎಂದು ಅನುಕಂಪದಿಂದಲೇ ಕೇಳಿದಳು. ಎಷ್ಟೋ ವರ್ಷ ದುಡಿದು ತನ್ನದು ಎಂದು ಮಾಡಿಕೊಂಡಿದ್ದ ಒಂದು ಬಾಗಿಲು ಬೀದಿಯ ಪಾಲಾಗಿತ್ತು. ಅದನ್ನು ಯಾರು ತಟ್ಟಬೇಕು, ಯಾರಿಗೆ ತೆರೆಯಬೇಕು ಎಂಬುದು ತನ್ನ ಕೈಗೇ ವಾಪಸು ಬರಬೇಕು. ಸುಗುಣಾಳಿಗೆ ಬೇಕಾದದ್ದು ಅದೊಂದೇ.

ಹೈಕೋರ್ಟಿನ ಎದುರು, ತಂಬು ಚೆಟ್ಟಿ ಬೀದಿಯ ಇಕ್ಕಟ್ಟಿನ ಮಹಡಿಯಲ್ಲಿ ಪ್ರಣಮ್ಯಾ ಎಂಬ ವಕೀಲೆ ಇದ್ದಾಳೆ. ಸಹೋದ್ಯೋಗಿಯ ಕಡೆಯಿಂದ ಅವಳ ಗುರುತು ಸಿಕ್ಕಿತು. ಮೈಸೂರಿನ ಕಡೆಯವಳು, ವಯಸ್ಸು ಚಿಕ್ಕದು, ಮಾತು ಚುರುಕು. ವಿಡಿಯೋ ನೋಡಿ, ಕಥೆ ಕೇಳಿ, ಎರಡು ದಾರಿಗಳಿವೆ ಮೇಡಂ ಎಂದಳು. ಒಂದು ಮಾನನಷ್ಟದ ದಾವೆ. ಅದಕ್ಕೆ ಹೋದರೆ ಅವನು ಹೇಳಿದ್ದು ಸುಳ್ಳು ಎಂದು ನಾವು ಹೊರಡಬೇಕು, ನಿಜ ಎಂದು ಅವನು ಹೊರಡುತ್ತಾನೆ, ಆಮೇಲೆ ನಿಮ್ಮ ಭಾನುವಾರಗಳನ್ನೆಲ್ಲ ಕೋರ್ಟಿನಲ್ಲಿ ಹರವಿ ನೋಡುತ್ತಾರೆ. ಮನೆಯ ಹೆಸರಿನ ವಿಷಯ ಹೇಳಿದರೆ ನಿಮ್ಮ ಕಡೆ ಗಟ್ಟಿಯಾಗಿಯೇ ಇದೆ.

"ಇನ್ನೊಂದು?" ಎಂದು ಸುಗುಣಾ ಕೇಳಿದಳು.

"ಖಾಸಗಿತನ. ಅಲ್ಲಿ ನಿಜವೋ ಸುಳ್ಳೋ ಅನ್ನೋ ಪ್ರಶ್ನೆಗೆ ನೀವು ಉತ್ತರ ಕೊಡಬೇಕಾಗಿಲ್ಲ. ಅದು ನಿಮ್ಮ ವಿಷಯ, ನಿಮ್ಮನ್ನ ಕೇಳದೆ ಅವನು ಊರಿಗೆಲ್ಲ ತೋರಿಸಿದ. ತಪ್ಪು ಅಂದರೆ ಅದೇ ತಪ್ಪು. ಸುಳ್ಳಾಗಿದ್ದರೂ ಅಷ್ಟೇ, ನಿಜವಾಗಿದ್ದರೂ ಅಷ್ಟೇ."

ಸುಗುಣಾ ಕುರ್ಚಿಯಲ್ಲಿ ನೆಟ್ಟಗೆ ಕೂತಳು. ಇಷ್ಟು ದಿನ ಬಿಡಿಸಿ ಹೇಳಲು ಬಾರದೆ ಇದ್ದದ್ದಕ್ಕೆ ಹೆಸರು ಸಿಕ್ಕಿತ್ತು. ಮನೆಯ ಹೆಸರು ಹೇಳಿ ತಪ್ಪಿಸಿಕೊಂಡರೆ, ಅದು ನಿಜವಾಗಿದ್ದರೆ ನೀನು ಮಾಡಿದ್ದು ಸರಿಯಪ್ಪಾ ಎಂದು ಆ ಹುಡುಗನ ಬೆನ್ನು ತಟ್ಟಿದ ಹಾಗೆ. ನಾಳೆ ಇನ್ನೊಬ್ಬಳ ಬಾಗಿಲಿಗೆ ಹೋಗಿ ನಿಲ್ಲುತ್ತಾನೆ. ಅವಳ ಮನೆಗೆ ಕೋಟೇಶ್ವರದಲ್ಲಿ ಹೆಸರಿರಬೇಕಲ್ಲ!

ಪ್ರಣಮ್ಯಾಳ ನೋಟೀಸು ಮನೀಶನಿಗೆ ಹೋಯಿತು. ವಿಡಿಯೋ ತೆಗೆಯಬೇಕು, ತಪ್ಪು ಒಪ್ಪಿ ಅದೇ ಪುಟದಲ್ಲಿ ಹೇಳಬೇಕು, ಇಲ್ಲದಿದ್ದರೆ ಕೋರ್ಟು. ವಿಡಿಯೋ ಆ ದಿನವೇ ಮಾಯವಾಯಿತು. ಆದರೆ ಅಷ್ಟು ಹೊತ್ತಿಗೆ ಅದನ್ನು ಎತ್ತಿಕೊಂಡವರು ಹತ್ತಾರು ಕಡೆ ಹಾಕಿದ್ದರು. ಮನೀಶನ ಅಪ್ಪನಿಗೆ ಕೋರ್ಟು ಎಂದರೆ ಜ್ವರ. ಸುಬ್ರಾಯರ ಕಾಲು ಹಿಡಿದ. ಸುಬ್ರಾಯರು ಕನ್ನಡ ಸಂಘದ ಹಿರಿಯರಾದ ಸತ್ಯಾತ್ಮರಾಯರನ್ನು ಕರೆದರು. ಮನೆಯ ಮಾತು ಮನೆಯಲ್ಲೇ ಮುಗಿಯಲಿ ಎಂದು ಹೋಟೆಲಿನ ಮಹಡಿಯ ಕೋಣೆಯಲ್ಲಿ ಎಲ್ಲರೂ ಸೇರುವುದೆಂದಾಯಿತು. ಮನೆಯ ಮಾತನ್ನು ಬೀದಿಗೆ ಎಳೆದವನಿಗೆ ಆಗ ಮನೆ ನೆನಪಾಗಿತ್ತು.

ಸುಗುಣಾ ಪ್ರಣಮ್ಯಾಳ ಜೊತೆ ಹೋದಳು. ಮೂತಿ ಉಬ್ಬಿಸಿಕೊಂಡೇ ಅನ್ವಿತಾಳೂ ಬಂದಳು. ಮೋನಪ್ಪ ಮುಖ ಸಪ್ಪಗೆ ಮಾಡಿಕೊಂಡು ಎಲ್ಲರಿಗೂ ಕಾಫಿ ತಂದಿಟ್ಟ. ತಾನು ಕೂಗಿದ ಒಂದು ಕೂಗಿನಿಂದ ಇಷ್ಟಾಯಿತೆಂದು ಅವನು ಅಂದಿನಿಂದ ಗಲ್ಲೆಯ ಫೋನನ್ನೇ ಮುಟ್ಟುತ್ತಿರಲಿಲ್ಲ. "ನನ್ನದೊಂದು ಬಾಯಿ ಉಂಟಲ್ಲ ಅಕ್ಕ, ಅದಕ್ಕೆ ಬೀಗ ಹಾಕ್ಲಿಕ್ಕೆ ಇತ್ತು" ಎಂದು ಪಿಸುಗುಟ್ಟಿದ. ನಿಂದೆಂತ ತಪ್ಪಿಲ್ಲ ಮೋನಪ್ಪಣ್ಣ ಎಂದು ಸುಗುಣಾ ಕಾಫಿ ತೆಗೆದುಕೊಂಡಳು.

ಮನೀಶ ಮೊದಲು ವಾದಿಸಿದ. ತಾನು ನಿಂತದ್ದು ಪಬ್ಲಿಕ್ ರೋಡಿನಲ್ಲಿ, ಯಾರ ಮನೆಗೂ ನುಗ್ಗಲಿಲ್ಲ, ಹೆಸರು ಹಾಕಿಲ್ಲ ಎಂದ. ರಸ್ತೆ ಎಲ್ಲರದೂ ಹೌದು, ಬಾಗಿಲು ಎಲ್ಲರದಲ್ಲ ಎಂದು ಪ್ರಣಮ್ಯಾ ತಣ್ಣಗೆ ಹೇಳಿ ಕಾನೂನಿನ ಎರಡು ಮಾತು ಬಿಡಿಸಿಟ್ಟಳು. ಅವನು ತಲೆ ತಗ್ಗಿಸಿದ. ಸತ್ಯಾತ್ಮರಾಯರು ಗಂಟಲು ಸರಿಮಾಡಿಕೊಂಡು, ಹುಡುಗ ಕ್ಷಮೆ ಕೇಳುವುದಕ್ಕೆ ಸಿದ್ಧನಿದ್ದಾನೆ, ಏನು ಹೇಳಬೇಕೆಂದು ನಾವೇ ಬರೆದುಕೊಟ್ಟಿದ್ದೇವೆ, ಇಲ್ಲೇ ಎಲ್ಲರ ಮುಂದೆ ವಿಡಿಯೋ ಮಾಡಲಿ ಎಂದರು. ಮನೀಶ ಫೋನನ್ನು ನೀರಿನ ಜಗ್ಗಿಗೆ ಒರಗಿಸಿಟ್ಟು ಶುರುಮಾಡಿದ. ಸಣ್ಮನೆ ಎನ್ನುವುದು ಊರಿನ ಒಂದು ಮನೆತನದ ಹೆಸರು, ಕನ್ನಡ ಸರಿಯಾಗಿ ಬಾರದೆ ತಪ್ಪು ತಿಳಿದೆ, ಸುಗುಣಾ ಆಂಟಿ ತುಂಬಾ ಒಳ್ಳೆಯ ಹೆಂಗಸು, ಅವರಿಗೂ ನಮ್ಮ ದೊಡ್ಡಪ್ಪನಿಗೂ ಅಂಥ ಯಾವ...

"ನಿಲ್ಸ್" ಎಂದಳು ಸುಗುಣಾ.

ಅವನು ನಿಲ್ಲಿಸಿದ.

"ಒಳ್ಳೆ ಹೆಂಗಸ್ ಅಂದೇಳಿ ನಂಗ್ ಸರ್ಟಿಫಿಕೇಟ್ ಕೊಡೂಕೆ ನೀನ್ ಯಾರ್ ಮಗಾ? ಅದ್ನ ನಾನ್ ಕೇಳಲಿಲ್ಲೆ. ಮನೆ ಹೆಸ್ರೂ ಬ್ಯಾಡ, ನಿನ್ ದೊಡ್ಡಪ್ಪನ್ ಸುದ್ದಿಯೂ ಬ್ಯಾಡ. ಒಬ್ರ ಬಾಗ್ಲ್ ಎದ್ರ್ ಕದ್ದ್ ನಿಂತೆ, ಕೇಳ್ದೆ ವಿಡಿಯೋ ಮಾಡಿ ಹಾಕ್ದೆ, ಅದ್ ತಪ್ಪ್. ಅಷ್ಟ್ ಹೇಳ್."

ಕೋಣೆಯಲ್ಲಿ ಗಲಿಬಿಲಿಯಾಯಿತು. ಮನೀಶನ ಅಪ್ಪ, ಅತ್ತಿಗೆ ಸ್ಥಾನದವರು ನೀವು, ನಿಮ್ಮ ಒಳ್ಳೆಯದಕ್ಕೇ ಬರೆದದ್ದು ಎಂದ. ಇದುವರೆಗೆ ಇಲ್ಲದ ಅತ್ತಿಗೆ ಆ ಗಳಿಗೆಯಲ್ಲಿ ಎಲ್ಲಿಂದ ಬಂದಳೋ ಅವನಿಗೇ ಗೊತ್ತು. ಸತ್ಯಾತ್ಮರಾಯರಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ. ಜೀವಮಾನವೆಲ್ಲ ಬ್ಯಾಂಕಿನಲ್ಲಿ ಜನರ ಗುರುತುಪತ್ರ ನೋಡಿ ನಂಬಿದವರು ಅವರು.

"ಅಮ್ಮಾ, ಆ ಒಂದು ಮಾತು ಬಿಟ್ರೆ ಜನ ನಿಜಾನೇ ಇರಬೇಕು ಅಂದ್ಕೋತಾರಲ್ಲ" ಎಂದರು.

"ಅಂದ್ಕಣ್ಲಿ."

"ಹಾಗಂದ್ರೆ ಹೇಗಮ್ಮ? ಸುಳ್ಳು ಅಂತ ಹೇಳೋದರಲ್ಲಿ ಏನು ನಷ್ಟ?"

"ಸುಳ್ಳ್ ಅಂದೇಳಿ ನಾನ್ ಹೇಳ್ರೆ, ನಿಜ ಆಗಿದ್ರೆ ಇವ ಮಾಡಿದ್ದ್ ಸರಿ ಅಂದಾಯ್ತಲ್ದಾ ರಾಯ್ರೆ? ಅದ್ ಸುಳ್ಳ್ ಅಂದೇಳಿ ನಾ ಹೇಳುದಿಲ್ಲೆ. ನಿಜ ಅಂದೂ ಹೇಳುದಿಲ್ಲೆ. ನನ್ ಮನಿ ಒಳ್ಗಿಂದ್ ಯಾರಿಗೂ ಹೇಳುದಿಲ್ಲೆ."

ಅವಳ ದನಿ ಏರಿರಲಿಲ್ಲ. ಟಿಕೆಟ್ ಕೇಳಿದವರಿಗೆ ಚಿಲ್ಲರೆ ಇಲ್ಲ ಎಂದು ಹೇಳುವ ದನಿಯೇ ಅದು. ಆದರೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚುತ್ತಿದ್ದದ್ದನ್ನು ಪಕ್ಕದಲ್ಲಿ ಕೂತ ಅನ್ವಿತಾ ಕಂಡಳು. ಎಷ್ಟೋ ದಿನದ ಮೇಲೆ ಮೊದಲ ಸಲ ಅಮ್ಮನ ಕೈ ಹಿಡಿದುಕೊಂಡಳು. ಹಿಡಿದದ್ದನ್ನು ಬಿಡಲಿಲ್ಲ.

ಎಲ್ಲರ ಕಣ್ಣೂ ಸುಬ್ರಾಯರ ಮೇಲೆ ಹೋಯಿತು. ನೀವಾದರೂ ಹೇಳಿ, ಗಂಡಸರು ನೀವು, ಒಂದು ಮಾತಿನಲ್ಲಿ ಮುಗಿಸಿ ಎಂದರು ರಾಯರು. ಸುಬ್ರಾಯರು ನಾಲ್ಕು ಜನರ ಮುಂದೆ ಮಾತಾಡಿ ಅಭ್ಯಾಸವಿದ್ದವರಲ್ಲ. ಗಿರಾಕಿ ಸಾಂಬಾರಿನಲ್ಲಿ ಉಪ್ಪಿಲ್ಲ ಎಂದು ಜಗಳಕ್ಕೆ ಬಂದರೂ ಮೋನಪ್ಪನನ್ನು ಮುಂದೆ ತಳ್ಳುವವರು. ಸುಗುಣಾ ಅವರ ಮುಖ ನೋಡಲಿಲ್ಲ. ನೋಡಿದರೆ ಬೇಡಿಕೊಂಡ ಹಾಗಾಗುತ್ತದೆ ಎಂದು ಕಾಫಿ ಲೋಟವನ್ನು ನೋಡುತ್ತ ಕೂತಳು. ಅವರು ಇಲ್ಲ ಎಂದರೆ ಮುಗಿಯಿತು. ತಾನು ಹಿಡಿದದ್ದು ಅಷ್ಟೂ ನೀರಿಗೆ ಹೋಗುತ್ತದೆ, ಭಾನುವಾರಗಳೂ ಹೋಗುತ್ತವೆ.

ಸುಬ್ರಾಯರು ಎದ್ದು ನಿಂತರು. ಹೆಗಲ ಮೇಲಿನ ಟವೆಲನ್ನು ಸರಿಮಾಡಿಕೊಂಡರು. ಮಾತಾಡಿದ್ದು ರಾಯರ ಹತ್ತಿರ ಅಲ್ಲ, ಮನೀಶನ ಹತ್ತಿರ.

"ನನ್ ಮುಖಕ್ಕ್ ಮಸ್ಕ್ ಹಾಕ್ದೆ. ಅವ್ರಿಗ್ ಹಾಕಲಿಲ್ಲೆ. ಎಂತಕ್ ಮಗಾ?"

ಮನೀಶ ಜಗ್ಗಿಗೆ ಒರಗಿಸಿದ್ದ ಫೋನನ್ನು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಅವ್ರ್ ಹೇಳ್ದಾಂಗೇ ಹೇಳ್. ನಾನೂ ಎಂತದೂ ಹೇಳುದಿಲ್ಲೆ" ಎಂದು ಅವರು ಕೂತುಬಿಟ್ಟರು. ಜಗಳವಾಡಿ ಬಂದವರ ಹಾಗೆ ಏದುಸಿರು ಬಿಡುತ್ತಿದ್ದರು.

ಕೊನೆಗೆ ಮನೀಶ ಹೇಳಿದ್ದು ಮೂರು ಮಾತು. ತಮಿಳಿನಲ್ಲೇ ಹೇಳಿದ, ಏಕೆಂದರೆ ನೋಡಿ ನಕ್ಕವರು ತಮಿಳಿನಲ್ಲೇ ನಕ್ಕಿದ್ದರು. ಒಬ್ಬರ ಮನೆಯ ಬಾಗಿಲನ್ನು ಕದ್ದು ವಿಡಿಯೋ ಮಾಡಿ ಹಾಕಿದೆ. ಅದು ತಪ್ಪು. ನಿಮ್ಮಲ್ಲಿ ಅದನ್ನು ಇಟ್ಟುಕೊಂಡವರು ತೆಗೆಯಿರಿ. ಹಾಡಿಲ್ಲ, ತಮಾಷೆಯಿಲ್ಲ. ಅದನ್ನು ನೋಡಿದವರು ಸ್ವಲ್ಪವೇ ಜನ. ಸತ್ಯವಾದ ಮಾತಿಗೆ ಹಿನ್ನೆಲೆ ಸಂಗೀತ ಇರುವುದಿಲ್ಲವಲ್ಲ, ಏನು ಮಾಡುವುದು. ಕೆಳಗೆ ಒಬ್ಬ, ಹಾಗಾದರೆ ಅದು ನಿಜವಾ ಸುಳ್ಳಾ ಎಂದು ಕೇಳಿದ್ದ. ಅವನಿಗೆ ಯಾರೂ ಉತ್ತರ ಕೊಡಲಿಲ್ಲ.

ಶುಕ್ರವಾರ ಪಲ್ಲಾವರಂ ಸಂತೆ. ಹಳೆಯ ಫ್ಯಾನಿನಿಂದ ಹಿಡಿದು ಪಾರಿವಾಳದ ತನಕ ಸಿಗುವ ಆ ಸಂತೆಯ ಒಂದು ಮೂಲೆಯಲ್ಲಿ ಮರದ ಹಲಗೆಗೆ ಬಣ್ಣದಲ್ಲಿ ಹೆಸರು ಬರೆದುಕೊಡುವ ಮುದುಕನೊಬ್ಬ ಕೂರುತ್ತಾನೆ. ಸುಗುಣಾ ಮಗಳನ್ನು ಕರೆದುಕೊಂಡು ಹೋಗಿ ಒಂದು ಒಳ್ಳೆಯ ಹಲಗೆ ಆರಿಸಿದಳು. ಬಾಗಿಲಿಗೆ ಹಾಕುವುದಕ್ಕೆ ಎಂದಳು. ಏನು ಬರೆಯಬೇಕೆಂದು ಕೇಳಿ, ಅವಳು ಹೇಳಿದ್ದು ಕೇಳಿ, ಮುದುಕ ಕುಂಚವನ್ನು ಗಾಳಿಯಲ್ಲೇ ಹಿಡಿದ.

"ಯಮ್ಮಾ, ಅರ್ಥಂ ತೆರಿಯುಮಾ?"

"ತೆರಿಯುಂ. ನಲ್ಲಾ ಪೆರಿಸಾ ಎಳುದುಂಗ" ಎಂದಳು ಸುಗುಣಾ. ಅರ್ಥ ಗೊತ್ತು, ಚೆನ್ನಾಗಿ ದೊಡ್ಡದಾಗಿ ಬರೆಯಿರಿ.

ಅವನು ತಮಿಳು ಅಕ್ಷರದಲ್ಲಿ, ಹಳದಿ ಬಣ್ಣದಲ್ಲಿ, ಹಲಗೆ ತುಂಬ ಬರೆದ: ಚಿನ್ನ ವೀಡು. ಅನ್ವಿತಾ ಮೊದಲು ಕಣ್ಣುಬಿಟ್ಟಳು. ಆಮೇಲೆ ಬಿದ್ದು ಬಿದ್ದು ನಕ್ಕಳು. ಆಮೇಲೆ, ಅಮ್ಮಾ ಫಾಂಟ್ ಚೆನ್ನಾಗಿಲ್ಲ, ಇನ್ನೂ ಸ್ಟೈಲಾಗಿ ಬೇಕಿತ್ತು ಎಂದು ತಗಾದೆ ತೆಗೆದಳು. ಮನೆಗೆ ಬಂದು ಮೊಳೆ ಹೊಡೆದದ್ದು ಅವಳೇ. ಮೇಲಿನ ಮನೆಯಾಕೆ ಮೆಟ್ಟಿಲಿಳಿಯುವಾಗ ಓದಿದಳು, ನಿಂತಳು, ಏನೋ ಕೇಳಲು ಬಾಯಿ ತೆರೆದಳು. ಸುಗುಣಾ ಬಾಗಿಲಲ್ಲಿ ನಿಂತು ಅವಳನ್ನೇ ನೋಡಿದಳು. ಆಕೆ ಬಾಯಿ ಮುಚ್ಚಿಕೊಂಡು ತರಕಾರಿಗೆ ಹೋದಳು.

ಭಾನುವಾರ ಗಂಟೆ ಸದ್ದಾಯಿತು. ಸುಗುಣಾ ನೈಟಿಯಲ್ಲೇ ಇದ್ದಳು, ಬದಲಾಯಿಸಲು ಹೋಗಲಿಲ್ಲ. ಬಾಗಿಲು ತೆರೆದಾಗ ಸುಬ್ರಾಯರು ಹೋಟೆಲಿನ ಚೀಲ ಹಿಡಿದು, ತಲೆಯೆತ್ತಿ ಹಲಗೆಯನ್ನು ಓದುತ್ತಿದ್ದರು. ಅಕ್ಷರ ಅಕ್ಷರ ಕೂಡಿಸಿ ಓದಿದರು. ಓದಿ ಮುಗಿಸಿ ಅವಳನ್ನು ನೋಡಿದಾಗ ಅವರ ಕಣ್ಣು ತುಂಬಿತ್ತು, ಬಾಯಿ ನಗುತ್ತಿತ್ತು.

"ಬನ್ನಿ ಒಳ್ಗೆ" ಎಂದಳು ಸುಗುಣಾ.

ಅವರು ಚಪ್ಪಲಿ ಬಿಟ್ಟು ಒಳಗೆ ಹೋದರು. ಸುಗುಣಾ ಒಮ್ಮೆ ರಸ್ತೆಯ ಕಡೆ ನೋಡಿದಳು, ಟೀ ಅಂಗಡಿಯ ಕಡೆ ನೋಡಿದಳು, ಇಷ್ಟು ಹೊತ್ತು ಇಲ್ಲೇ ನಿಂತ ನಮ್ಮ ಕಡೆಯೂ ನೋಡಿದಳು. ಬಾಗಿಲು ಹಾಕಿಕೊಂಡಳು. ಒಳಗೆ ಚಿಲಕ ಬಿದ್ದ ಸದ್ದು ಕೇಳಿತು. ಇನ್ನೇನು ನೋಡುತ್ತೀರಿ, ಹೊರಡಿ.